ನಮ್ಮ ಫ್ರಾನ್ಸ್ ಮಿಸ್

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಎರಡು ವಾರ ಕಳೆದ ಮೇಲೆ. ಆಗ ನಾನು ವರ್ಗವಾಗಿ ಚಾಮರಾಜನಗರದಲ್ಲಿದ್ದೆ. ಕೃಷ್ಣಮೂರ್ತಿಪುರಂನಲ್ಲಿ ಅವರ ಪಕ್ಕದ ಮನೆಯಾಕೆ ಒಂದು ಕಾರ್ಡು ಬರೆದಿದ್ದರು. ‘ನಿಮ್ಮ ಮಿಸ್ಸು ಹೋಗಿಬಿಟ್ಟರು. ಅವರ ಪುಸ್ತಕದೊಳಗೆ ನಿಮ್ಮ ವಿಳಾಸ ಸಿಕ್ಕಿತು. ಬೇರೆ ಯಾರಿಗೆ ತಿಳಿಸಬೇಕೋ ನಮಗೆ ಗೊತ್ತಾಗಲಿಲ್ಲ.’

ಸ್ಟಾಫ್ ರೂಮಿನಲ್ಲಿ ಆ ಕಾರ್ಡು ಹಿಡಿದುಕೊಂಡು ಕೂತೆ. ಬೇರೆ ಯಾರಿಗೆ ತಿಳಿಸಬೇಕಾಗಿತ್ತು ಎಂದು ನಾನೂ ಯೋಚಿಸಿದೆ. ನೂರಾರು ಹೆಣ್ಣುಮಕ್ಕಳಿಗೆ ಪಾಠ ಹೇಳಿದವರು. ಒಂದು ಹೆಸರೂ ನೆನಪಿಗೆ ಬರಲಿಲ್ಲ.

ನಮ್ಮ ಹೈಸ್ಕೂಲಿನಲ್ಲಿ ಅವರು ಇತಿಹಾಸದ ಟೀಚರು. ಎತ್ತರದ ಸಣಕಲು ಮೈ, ಅಂಚು ಕಾಣದಂಥ ಮಾಸಲು ಸೀರೆ, ಕೈಯಲ್ಲಿ ಗಂಡಸರು ಹಿಡಿಯುವ ಕರಿಯ ಕೊಡೆ. ಹನ್ನೊಂದನೇ ವಯಸ್ಸಿಗೆ ಮದುವೆಯಾಗಿ, ಗಂಡನ ಮುಖ ಸರಿಯಾಗಿ ನೋಡುವುದರೊಳಗೇ ವಿಧವೆಯಾಗಿದ್ದರಂತೆ. ತಲೆ ಬೋಳಿಸಬೇಕೆಂದು ಬಂದ ನೆಂಟರನ್ನು ಅವರ ತಂದೆ ಜಗಲಿಯಿಂದಲೇ ವಾಪಸು ಕಳಿಸಿ, ಮಾರನೆಯ ದಿನ ಮಗಳನ್ನು ಕೈಹಿಡಿದು ಸ್ಕೂಲಿಗೆ ಕರೆದುಕೊಂಡು ಹೋಗಿದ್ದರಂತೆ. ಆ ತಂದೆ ಅರಮನೆಯ ಗ್ರಂಥಭಂಡಾರದಲ್ಲಿ ದೊಡ್ಡ ಕೆಲಸದಲ್ಲಿದ್ದವರು. ಮಗಳಿಗೆ ಓದುವ ರುಚಿ ಹತ್ತಿಸಿದವರೂ ಅವರೇ. ‘ಫ್ರಾನ್ಸಿನ ಚರಿತ್ರೆ ನಾನು ಮೊದಲು ಓದಿದ್ದು ನಮ್ಮಣ್ಣ ಅರಮನೆಯಿಂದ ತಂದುಕೊಟ್ಟ ಪುಸ್ತಕದಲ್ಲಿ ಕಣ್ರೇ’ ಎಂದು ಕ್ಲಾಸಿನಲ್ಲಿ ಹೇಳುತ್ತಿದ್ದರು. ಅವರ ಮನೆಯಲ್ಲಿ ತಂದೆಯನ್ನು ‘ಅಣ್ಣ’ ಎಂದು ಕರೆಯುವ ವಾಡಿಕೆ.

ಪಾಠ ಮಾಡುವಾಗ ಅವರದೊಂದು ಅಭ್ಯಾಸವಿತ್ತು. ಪುಸ್ತಕದಿಂದ ಒಂದು ಸಾಲು ಓದುವರು. ಆಮೇಲೆ ಕನ್ನಡಕವನ್ನು ಹಣೆಗೇರಿಸಿ, ‘ಅಂತ ಬರೆದಿದ್ದಾರೆ. ಬರೆದೋರು ಯಾರು?’ ಎಂದು ಕೇಳುವರು. ಮೊದಮೊದಲು ನಾವು ಗ್ರಂಥಕರ್ತರ ಹೆಸರು ಹೇಳುತ್ತಿದ್ದೆವು. ಅದಲ್ಲ ಅವರಿಗೆ ಬೇಕಾಗಿದ್ದದ್ದು. ಬರೆದವನು ಹೊಟ್ಟೆ ತುಂಬಿದವನೋ ಹಸಿದವನೋ, ಗೆದ್ದವನೋ ಸೋತವನೋ ಎನ್ನುವುದು ಬೇಕಾಗಿತ್ತು. ಇಂಗ್ಲೆಂಡು, ವಿಜಯನಗರ, ಎಲ್ಲವನ್ನೂ ಒಂದೇ ಹದದಲ್ಲಿ ಹೇಳಿಕೊಂಡು ಹೋಗುತ್ತಿದ್ದವರು ಫ್ರಾನ್ಸಿಗೆ ಬಂದರೆ ದನಿ ಬದಲಾಗುತ್ತಿತ್ತು. ಹಾಗಾಗಿ ‘ಫ್ರಾನ್ಸ್ ಮಿಸ್’ ಎಂಬ ಹೆಸರು ಬಿತ್ತು. ನಾನು ಆ ಸ್ಕೂಲು ಸೇರುವ ಹೊತ್ತಿಗಾಗಲೇ ಅದು ಹಳೆಯ ಹೆಸರು.

ನಾನು ಬೋಗಾದಿಯವಳು. ಆಗ ಅದು ಹೊಲಗದ್ದೆಗಳ ನಡುವಿನ ಹಳ್ಳಿ. ಕುಕ್ಕರಹಳ್ಳಿ ಕೆರೆಯ ಏರಿ ದಾಟಿ ದಿನಾ ನಡೆದು ಬರುತ್ತಿದ್ದೆ. ಒಕ್ಕಲಿನವರ ಮನೆಯಿಂದ ಆ ಕ್ಲಾಸಿಗೆ ಬರುತ್ತಿದ್ದವಳು ನಾನೊಬ್ಬಳೇ. ಉಳಿದವರು ವಕೀಲರ, ಅಮಲ್ದಾರರ, ಅರಮನೆ ನೌಕರರ ಮಕ್ಕಳು. ಯಾರೂ ನನ್ನನ್ನು ಬೈದವರಲ್ಲ, ತಳ್ಳಿದವರಲ್ಲ. ಮಧ್ಯಾಹ್ನದ ಊಟಕ್ಕೆ ಅವರು ಒಳಗಿನ ಹಜಾರದಲ್ಲಿ ದುಂಡಗೆ ಕೂರುವರು. ನಾನು ರಾಗಿರೊಟ್ಟಿಯ ಗಂಟು ಹಿಡಿದು ಹೊಂಗೆಮರದ ಕೆಳಗೆ ಕೂರುವೆ. ಹೀಗೆ ಕೂರಬೇಕೆಂದು ಯಾರೂ ಹೇಳಿರಲಿಲ್ಲ. ಈ ವಿಷಯ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಆದದ್ದಕ್ಕೆಲ್ಲ ಆ ಮರವೇ ಕಾರಣವಾಯಿತು.

ಸ್ವಾತಂತ್ರ್ಯ ಬಂದ ವರ್ಷ. ಆಗಸ್ಟಿನಲ್ಲಿ ದೇಶಕ್ಕೆಲ್ಲ ಬಂದದ್ದು ನಮ್ಮ ಮೈಸೂರಿಗೆ ಪೂರ್ತಿ ಬಂದಿರಲಿಲ್ಲ. ಆಳುವ ಅಧಿಕಾರ ಇನ್ನೂ ಅರಮನೆಯದೇ ಆಗಿತ್ತು. ಜವಾಬ್ದಾರಿ ಸರ್ಕಾರ ಕೊಡಿ, ಜನ ಆರಿಸಿದವರು ಆಳಲಿ ಎಂದು ಊರಿನಲ್ಲಿ ಚಳವಳಿ ಶುರುವಾಯಿತು. ಯುದ್ಧ ಮುಗಿದು ಎರಡು ವರ್ಷವಾಗಿದ್ದರೂ ಪೇಟೆಯಲ್ಲಿ ರೇಷನ್ನು, ಹಳ್ಳಿಯಲ್ಲಿ ಲೆವಿ, ಬೆಳೆದದ್ದರಲ್ಲಿ ಸರ್ಕಾರಕ್ಕೆ ಅಳೆದುಕೊಡಬೇಕಾದ ಪಾಲು. ಶೇಕ್ದಾರರೂ ಶಾನುಭೋಗರೂ ಬಂದು ನಮ್ಮಪ್ಪನ ಕೈಲೇ ಹಗೇವಿನ ಬಾಯಿ ತೆಗೆಸಿ, ನೆಲದೊಳಗಿದ್ದ ರಾಗಿಯನ್ನು ಅಳೆದು ಗಾಡಿಗೆ ತುಂಬಿಸಿಕೊಂಡು ಹೋಗಿದ್ದರು.

ಅಂಥ ಸೆಪ್ಟೆಂಬರಿನಲ್ಲಿ ಮಿಸ್ ಫ್ರಾನ್ಸಿನ ಪಾಠ ಶುರುಮಾಡಿದರು.

‘ಬೊಕ್ಕಸ ಬರಿದಾಗಿತ್ತು’ ಎಂದರು. ‘ಸಮುದ್ರದಾಚೆ ಯಾರದೋ ಯುದ್ಧಕ್ಕೆ ಸಾಲ ಮಾಡಿ ಸುರಿದಿದ್ರು. ಬಡ್ಡಿ ಕಟ್ಟೋಕೇ ಹುಟ್ಟುವಳಿ ಸಾಲ್ತಿರಲಿಲ್ಲ. ಆ ದೇಶದಲ್ಲಿ ಮೂರು ಥರದ ಜನ. ದೇವರ ಹೆಸರು ಹೇಳೋರು ಒಬ್ಬರು, ಕತ್ತಿಯ ಹೆಸರು ಹೇಳೋರು ಇನ್ನೊಬ್ಬರು, ಇಬ್ಬರಿಗೂ ಅನ್ನ ಹಾಕೋರು ಮೂರನೆಯವರು. ಈಗ ಹೇಳಿ, ಕಂದಾಯ ಕೊಡ್ತಿದ್ದೋರು ಯಾರು?’

ಅವರು ನನ್ನ ಕಡೆ ತಿರುಗಿದರು.

‘ತಾಯಮ್ಮ, ನೀನು ಹೇಳಮ್ಮ. ನಿಮ್ಮ ಮನೆಯಿಂದ ಲೆವಿ ರಾಗಿ ತಗೊಂಡು ಹೋದ್ರಲ್ಲ, ಆಗ ನಿಮ್ಮಪ್ಪ ಏನಂದ್ರು?’

ನಾನು ಎದ್ದು ನಿಂತೆ. ‘“ಬೆಳೆದೋನು ನಾನು, ಅಳೆಯೋನು ಅವ್ನು” ಅಂದ್ರು ಮಿಸ್.’

ಹುಡುಗಿಯರು ನಕ್ಕರು. ಮಿಸ್ ನಗಲಿಲ್ಲ. ಅಪ್ಪನ ಆ ಮಾತನ್ನು ಕರಿಹಲಗೆಯ ಮೇಲೆ ದುಂಡಗೆ ಬರೆದರು. ‘ಫ್ರಾನ್ಸಿನ ಮೂರನೆಯವರು ಹೇಳಿದ್ದೂ ಇಷ್ಟೇ. ಬರ್ಕೊಳ್ಳಿ’ ಎಂದರು. ಲಾಯರು, ಡಾಕ್ಟರರ ಮಕ್ಕಳೆಲ್ಲ ಬಗ್ಗಿ ನಮ್ಮಪ್ಪನ ಮಾತನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಂಡರು. ಆ ದಿನ ಕೆರೆ ಏರಿಯ ಮೇಲೆ ನಾನು ನಡೆದು ಹೋಗಲಿಲ್ಲ, ಓಡಿಹೋದೆ.

ವಸಂತ ಎಂಬ ಹುಡುಗಿಯ ತಂದೆಯೂ ಅರಮನೆಯಲ್ಲಿದ್ದರು. ಮಾರನೆಯ ದಿನ ಅವಳು ಕೇಳಿದಳು, ‘ಮಿಸ್, ನಮ್ಮ ಮಹಾರಾಜರು ಒಳ್ಳೆಯವರಲ್ವಾ?’

‘ಒಳ್ಳೆಯವರೇ. ಆ ಫ್ರಾನ್ಸಿನ ದೊರೆಯೂ ಕೆಟ್ಟೋನಲ್ಲ. ಬೀಗ ಮಾಡೋದು, ರಿಪೇರಿ ಮಾಡೋದು ಅಂದ್ರೆ ಪ್ರಾಣ ಅವನಿಗೆ. ಯಾರಿಗೂ ಕೈಯಾರೆ ಕೇಡು ಮಾಡಿದೋನಲ್ಲ. ಒಳ್ಳೆಯವನಾ ಅಂತ ಕೇಳಬೇಡಮ್ಮ. ಒಳ್ಳೆಯವನಲ್ಲದೆ ಹೋಗಿದ್ರೆ ಜನ ಏನು ಮಾಡಬಹುದಾಗಿತ್ತು ಅಂತ ಕೇಳು. ಏನೂ ಮಾಡೋ ಹಾಗಿರಲಿಲ್ಲ. ತೊಂದರೆ ಇದ್ದದ್ದು ಅಲ್ಲಿ.’

ರಾಣಿ ‘ರೊಟ್ಟಿಯಿಲ್ಲದಿದ್ದರೆ ಸಿಹಿ ತಿನ್ನಲಿ’ ಎಂದಳಂತೆ ಎಂಬ ಕಥೆ ಬಂದಾಗ ಮಾತ್ರ ಅವರಿಗೆ ಸಿಟ್ಟು ಬಂತು. ‘ಅವಳು ಹಾಗಂದಿದ್ದಕ್ಕೆ ಏನೂ ಆಧಾರವಿಲ್ಲ. ಹಸಿದೋರಿಗೆ ಸಿಟ್ಟು ಬರೋಕೆ ಅಂಥ ಮಾತು ಬೇಕಾಗಿಯೂ ಇರಲಿಲ್ಲ. ಆಲಿಕಲ್ಲು ಬಿದ್ದು ಬೆಳೆ ಹೋಗಿತ್ತು. ರೊಟ್ಟಿಯ ಬೆಲೆ ಏರಿತ್ತು. ಆದರೂ ದೊಡ್ಡೋರು ಕಂದಾಯ ಕೊಡೋಕೆ ಒಪ್ಪಲಿಲ್ಲ. ಅಷ್ಟು ಸಾಕು.’

ಅವತ್ತು ಬುಧವಾರವೋ ಗುರುವಾರವೋ, ಪಾಠ ಸಂತೆಯ ಹೆಂಗಸರಿಗೆ ಬಂದಿತ್ತು. ರೊಟ್ಟಿ ಕೇಳಲು ಮಳೆಯಲ್ಲಿ ಅರಮನೆಯವರೆಗೆ ನಡೆದುಹೋದ ಮೀನು ಮಾರುವ, ತರಕಾರಿ ಮಾರುವ ಹೆಂಗಸರು. ‘ಗಂಡಸರು ಇನ್ನೂ ಭಾಷಣ ಮಾಡ್ತಾ ಇದ್ರು. ಇವರು ಸೆರಗು ಕಟ್ಟಿ ಹೊರಟೇಬಿಟ್ಟರು’ ಎಂದು ಮಿಸ್ ಹೇಳುತ್ತಿದ್ದ ಹಾಗೇ ಹೊರಗೆ ಬೀದಿಯಲ್ಲಿ ಕೂಗು ಕೇಳಿಸಿತು. ಕಾಲೇಜಿನ ಹುಡುಗರ ಮೆರವಣಿಗೆ. ಮೊದಲು ಎದ್ದವಳು ಯಾರೆಂದು ನನಗೆ ಇಂದಿಗೂ ತಿಳಿಯದು. ಒಬ್ಬಳು ಎದ್ದಳು, ಬೆಂಚುಗಳು ಸರಿದವು, ಕ್ಲಾಸಿಗೆ ಕ್ಲಾಸೇ ಬಾಗಿಲಿನತ್ತ ನುಗ್ಗಿತು. ಮಿಸ್ ‘ಕೂತ್ಕೊಳ್ಳಿ’ ಎನ್ನಲಿಲ್ಲ. ‘ಹೋಗಿ’ ಎಂದೂ ಅನ್ನಲಿಲ್ಲ. ಪುಸ್ತಕ ಮುಚ್ಚಿ, ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡು ನಮ್ಮ ಹಿಂದೆ ಬಂದರು.

ಲಷ್ಕರ್ ಮೊಹಲ್ಲಾದ ಅಂಗಡಿಗಳ ಬಾಗಿಲು ದಡದಡ ಮುಚ್ಚುತ್ತಿದ್ದವು. ಮಹಡಿಯ ಮೇಲಿಂದ ಹೆಂಗಸರು ಬಗ್ಗಿ ನೋಡುತ್ತಿದ್ದರು. ಕಾಲೇಜಿನ ಹುಡುಗರು ಆಗಲೇ ಬೇರೆ ಬೀದಿಗೆ ತಿರುಗಿದ್ದರು. ನಾವು ಮೂವತ್ತೇಳು ಹುಡುಗಿಯರು, ಕೊನೆಯಲ್ಲಿ ಕೊಡೆ ಹಿಡಿದ ಮಿಸ್. ‘ಬೇಕೇ ಬೇಕು’ ಎಂದು ಮುಂದಿನವರು ಕೂಗಿದರೆ ‘ಜವಾಬ್ದಾರಿ ಸರ್ಕಾರ’ ಎಂದು ಹಿಂದಿನವರು ಕೂಗುತ್ತಿದ್ದೆವು. ನಾನು ಹಿಂದೆ, ಅವರಿಗಿಂತ ನಾಲ್ಕು ಹೆಜ್ಜೆ ಮುಂದೆ ಇದ್ದೆ. ಅವರು ತುಟಿ ಬಿಗಿಹಿಡಿದುಕೊಂಡೇ ನಡೆಯುತ್ತಿದ್ದರು.

ಅರಮನೆಯ ಬಾಗಿಲ ಹತ್ತಿರ ಬಂದಾಗ ಎದುರಿಗೆ ಕುದುರೆ ಪೊಲೀಸರು ಸಾಲಾಗಿ ನಿಂತಿದ್ದರು. ಅವರು ಏನೂ ಮಾಡಲಿಲ್ಲ. ಒಂದು ಕುದುರೆ ತಲೆ ಕೊಡವಿ ಸೀನಿತು, ಅಷ್ಟೇ. ಕುದುರೆಯನ್ನು ದಸರಾ ಮೆರವಣಿಗೆಯಲ್ಲಿ ದೂರದಿಂದ ನೋಡಿದ್ದ ಮಕ್ಕಳು ನಾವು. ಮುಂದಿನವರ ದನಿ ನಿಂತುಹೋಯಿತು, ಹಿಂದಿನವರದೂ ನಿಂತಿತು. ಆ ಮೌನದಲ್ಲಿ ನನ್ನ ಬೆನ್ನ ಹಿಂದಿನಿಂದ ಸಣ್ಣ, ಒಡಕಲು ದನಿಯೊಂದು ಬಂತು.

‘ಬೇಕೇ ಬೇಕು!’

ತಿರುಗಿ ನೋಡಿದೆ. ಮಿಸ್. ಕೊಡೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ನಾವೆಲ್ಲ ಒಟ್ಟಿಗೆ ‘ಜವಾಬ್ದಾರಿ ಸರ್ಕಾರ’ ಎಂದು ಕೂಗಿದೆವು, ಗಂಟಲು ಹರಿಯುವ ಹಾಗೆ. ಅವರು ಮತ್ತೆ ಬಾಯಿ ತೆರೆಯಲಿಲ್ಲ. ಬಾಗಿಲಿನಾಚೆ, ಕೆಲಸ ಮುಗಿಸಿ ಹೊರಡುತ್ತಿದ್ದ ಅರಮನೆಯ ನೌಕರರ ಗುಂಪಿನಲ್ಲಿ ಜರಿ ಅಂಚಿನ ಪೇಟದ ವೃದ್ಧರೊಬ್ಬರು ಇತ್ತಲೇ ನೋಡುತ್ತ ನಿಂತಿದ್ದರು. ಅವರು ಯಾರೆಂದು ನನಗೆ ಆಗ ಗೊತ್ತಿರಲಿಲ್ಲ. ಕುದುರೆಗಳು ಒಂದೊಂದೇ ಹೆಜ್ಜೆ ಮುಂದೆ ಬಂದವು, ನಾವು ಚೆದುರಿದೆವು. ಮಿಸ್ ನಮ್ಮನ್ನೆಲ್ಲ ಒಟ್ಟುಮಾಡಿ ಸ್ಕೂಲಿಗೆ ಕರೆತಂದರು. ಅವರ ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.

ಮಾರನೆಯ ದಿನ ವಿಚಾರಣೆ. ಹೆಡ್‌ಮಿಸ್ಟ್ರೆಸ್ಸು ಮಧ್ಯಾಹ್ನದ ಊಟವಾದ ಮೇಲೆ ನಮಗೆಲ್ಲ ಒಂದೊಂದು ಹಾಳೆ ಕೊಟ್ಟರು. ‘ನಿನ್ನೆ ನಿಮ್ಮ ಜೊತೆ ಯಾರು ಬಂದಿದ್ದರು, ಅವರು ಏನು ಮಾಡಿದರು, ಬರೀರಿ’ ಎಂದರು.

ನನಗೆ ಸಡಗರವೋ ಸಡಗರ. ಊರಿನಲ್ಲೆಲ್ಲ ಆ ಸುದ್ದಿ ಹೇಳಿಬಿಟ್ಟಿದ್ದೆ. ನಮ್ಮಪ್ಪನ ಮಾತನ್ನು ಹಲಗೆಯ ಮೇಲೆ ಬರೆದ ಮಿಸ್, ಕುದುರೆಗಳ ಎದುರು ನಿಂತು ಕೂಗಿದ ಮಿಸ್. ಒತ್ತಕ್ಷರ ತಪ್ಪದ ಹಾಗೆ, ಚೆಂದವಾಗಿ ಬರೆದೆ: ‘ನಾವೆಲ್ಲರೂ ಹೆದರಿದಾಗ ಮಿಸ್ ಅವರು ಮಾತ್ರ ಹೆದರದೆ ಬೇಕೇ ಬೇಕು ಎಂದು ಗಟ್ಟಿಯಾಗಿ ಕೂಗಿದರು.’

ಊಟದ ಹೊತ್ತಿನಲ್ಲಿ ಹಜಾರದಲ್ಲಿ ಕೂತಿದ್ದವರೆಲ್ಲ ಮಾತಾಡಿಕೊಂಡಿದ್ದರು. ಮಿಸ್ ನಮ್ಮನ್ನು ವಾಪಸು ಕರೆತರಲು ಬಂದರು, ಬಾಯೇ ಬಿಡಲಿಲ್ಲ ಎಂದು ಎಲ್ಲರೂ ಬರೆಯುವುದು ಎಂದು. ಹೊಂಗೆಮರದ ಕೆಳಗೆ ಬಂದು ನನಗೆ ಹೇಳಲು ಯಾರಿಗೂ ಹೊಳೆದಿರಲಿಲ್ಲ.

ಸಂಜೆಯ ಹೊತ್ತಿಗೆ ಗೊತ್ತಾಯಿತು. ವಸಂತ ನನ್ನ ಮುಂದೆ ಬಂದು ನಿಂತಳು. ‘ನೀನೇನೇ ಬರೆದದ್ದು? ಅವರ ಮನೆ ಹಾಳುಮಾಡಿದೆಯಲ್ಲೇ. ಅವರ ತಂದೆ ಅರಮನೆಯಲ್ಲಿದ್ದಾರೆ, ಗೊತ್ತಾ ನಿನಗೆ?’

‘ನಂಗೆ ಯಾರೂ ಹೇಳ್ಲಿಲ್ಲ’ ಎಂದೆ. ಆ ವರ್ಷ ಮುಗಿಯುವವರೆಗೆ ಕ್ಲಾಸಿನಲ್ಲಿ ಯಾರೂ ನನ್ನ ಹತ್ತಿರ ಮಾತಾಡಲಿಲ್ಲ.

ವಿಚಾರಣೆ ಮುಗಿಯುವವರೆಗೆ ಸ್ಕೂಲಿಗೆ ಬರಬೇಡಿ ಎಂದು ಮಿಸ್‌ಗೆ ಹೇಳಿದರು. ಆ ಸಂಜೆ ಅವರ ಮನೆಯಲ್ಲಿ ಆದದ್ದನ್ನು ಎಷ್ಟೋ ವರ್ಷಗಳ ಮೇಲೆ ಅವರೇ ನನಗೆ ಹೇಳಿದರು. ತಂದೆ ಕೇಳಿದರಂತೆ, ‘ಕಾಗದದಲ್ಲಿ ಯಾರೋ ಬರೆದಿದ್ದಾರಂತೆ. ನೀನೂ ಕೂಗಿದೆಯಾ?’ ಇವರು, ‘ಹೌದು ಅಣ್ಣ. ಒಂದು ಸಲ’ ಎಂದರಂತೆ. ತಂದೆ ಎದ್ದು ಒಳಗೆ ಹೋದರಂತೆ. ಮಗಳ ಜೊತೆ ಅವರಾಡಿದ ಕೊನೆಯ ಮಾತು ಆ ಪ್ರಶ್ನೆ.

ದಸರೆಯ ಹೊತ್ತಿಗೆ ರಾಜಿಯಾಯಿತು. ಜನರ ಸರ್ಕಾರ ಬರುವುದು ಖಾತ್ರಿಯಾಗಿ ಊರೆಲ್ಲ ಪಟಾಕಿ ಹೊಡೆದರು. ಫ್ರಾನ್ಸಿನ ಹಾಗೆ ಇಲ್ಲಿ ಯಾರ ತಲೆಯೂ ಉರುಳಲಿಲ್ಲ. ಅದನ್ನು ಮಿಸ್ ಆಮೇಲೆ ಕ್ಲಾಸಿನಲ್ಲಿ ಎಷ್ಟೋ ಸಲ ಸಮಾಧಾನದಿಂದ ಹೇಳಿದ್ದುಂಟು. ನನಗೆ ಮಾತ್ರ ಮನಸ್ಸಿಗೆ ಸಮಾಧಾನವಿರಲಿಲ್ಲ. ಅಪ್ಪನ ಹತ್ತಿರ ಎಲ್ಲ ಹೇಳಿಕೊಂಡು ಅತ್ತೆ. ಅಪ್ಪ ಒಂದು ಕುಂಬಳಕಾಯಿ ಹೊತ್ತುಕೊಂಡು, ‘ನಡಿಯವ್ವ, ಓಗಿ ಕಾಲಿಗ್ ಬಿದ್ದು ಬರಾನ’ ಎಂದು ನನ್ನನ್ನು ಕೃಷ್ಣಮೂರ್ತಿಪುರಂಗೆ ಕರೆದುಕೊಂಡು ಬಂದರು.

ಅದು ದಸರಾ ದರ್ಬಾರಿನ ಸಂಜೆ ಎಂದು ನಮಗೆ ಹೊಳೆದಿರಲಿಲ್ಲ. ಬಾಗಿಲು ತೆರೆದೇ ಇತ್ತು. ನಡುಮನೆಯ ಕುರ್ಚಿಯಲ್ಲಿ, ಅವತ್ತು ಅರಮನೆಯ ಬಾಗಿಲಿನಾಚೆ ಕಂಡಿದ್ದ ಅದೇ ವೃದ್ಧರು ಕೂತಿದ್ದರು. ದರ್ಬಾರಿನ ಉದ್ದನೆಯ ಕರಿಯ ಕೋಟು, ಬಿಳಿಯ ಷರಾಯಿ, ತಲೆಗೆ ಜರಿಪೇಟ. ಪೇಟ ಒಂದು ಕಡೆಗೆ ಜಾರಿ, ಕಿವಿಯ ಮೇಲೆ ಸೊಟ್ಟಗೆ ಕೂತಿತ್ತು. ಎದುರಿನ ಮೇಜಿನ ಮೇಲೆ ಅರಮನೆಯ ಆಹ್ವಾನಪತ್ರ ಬಿಚ್ಚಿಟ್ಟಿತ್ತು. ಬರಬೇಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಉಡುಪು ತೊಟ್ಟು ಸಿದ್ಧರಾಗಿ, ಯಾವ ಮುಖ ಇಟ್ಟುಕೊಂಡು ಹೋಗಲೆಂದು ಹೊಸ್ತಿಲು ದಾಟದೆ ಕೂತುಬಿಟ್ಟಿದ್ದರು.

ಅಡುಗೆಮನೆಯ ಬಾಗಿಲಲ್ಲಿ ಮಿಸ್ ನಿಂತಿದ್ದರು. ನಮ್ಮನ್ನು ಅವರು ನೋಡಲಿಲ್ಲ.

‘ಅಣ್ಣಾ, ಪೇಟ ಸರಿಮಾಡಲಾ?’ ಎಂದರು. ಅವರ ತಾಯಿ ಹೋದ ಮೇಲೆ ಪ್ರತಿ ದಸರೆಗೂ ತಂದೆಗೆ ಪೇಟ ಸುತ್ತಿಕೊಡುತ್ತಿದ್ದವರು ಮಗಳೇ ಅಂತೆ. ಎರಡು ಹೆಜ್ಜೆ ಮುಂದೆ ಬಂದರು. ವೃದ್ಧರು ತಲೆಯೆತ್ತದೆ ಬಲಗೈ ಮೇಲೆತ್ತಿದರು. ಬೇಡ ಎಂದೂ ಅನ್ನಲಿಲ್ಲ. ಮಿಸ್ ಅಲ್ಲೇ ನಿಂತರು.

ಅಪ್ಪ ಕುಂಬಳಕಾಯನ್ನು ಸದ್ದಾಗದ ಹಾಗೆ ಜಗಲಿಯ ಮೇಲಿಟ್ಟು ನನ್ನ ಕೈ ಹಿಡಿದುಕೊಂಡರು. ಬೀದಿಯ ತಿರುವಿನವರೆಗೆ ಬಂದಾಗ ಅರಮನೆಯ ಕಡೆಯಿಂದ ಕುಶಾಲುತೋಪಿನ ಸದ್ದು ಕೇಳಿತು. ‘ಇವತ್ತು ಬ್ಯಾಡ ಕಣವ್ವ’ ಎಂದರು. ಇವತ್ತು ಬೇಡ ಎಂದದ್ದು ಹದಿನೇಳು ವರ್ಷ ಹಾಗೆಯೇ ಉಳಿಯಿತು.

ಹೊಸ ಸರ್ಕಾರ ಬಂದ ಮೇಲೆ ಮಿಸ್ ಮೇಲಿನ ವಿಚಾರಣೆ ತಾನಾಗಿಯೇ ಬಿದ್ದುಹೋಯಿತು. ವಾಪಸು ಬಂದ ಮೊದಲ ದಿನ, ಆ ಪಾಠ ಬಿಟ್ಟು ಮುಂದೆ ಹೋಗಿ ಎಂದು ಹೆಡ್‌ಮಿಸ್ಟ್ರೆಸ್ಸು ಹೇಳಿದ್ದರೂ ಅವರು ಬಿಟ್ಟಲ್ಲಿಂದಲೇ ಶುರುಮಾಡಿದರು. ದೊರೆಯನ್ನು ಕೊಂದದ್ದು, ಆಮೇಲೆ ಕೊಂದವರನ್ನೇ ಕೊಂದದ್ದು. ರಾಣಿಯ ಕೊನೆಯ ದಿನವನ್ನು ಅವರು ಹೇಳುತ್ತಿದ್ದ ರೀತಿ ಮರೆಯುವ ಹಾಗಿಲ್ಲ. ಕೊಲ್ಲುವವನ ಕಾಲು ತುಳಿದು, ‘ಕ್ಷಮಿಸಿ, ಬೇಕೆಂದು ತುಳಿಯಲಿಲ್ಲ’ ಎಂದಳಂತೆ. ಕ್ಲಾಸೆಲ್ಲ ಕಣ್ಣೊರೆಸಿಕೊಂಡಿತು. ನಾನು ಅಳಲಿಲ್ಲ. ಅವರು ಅದನ್ನು ಗಮನಿಸಿದರು.

‘ಏನು ಯೋಚನೆ ಮಾಡ್ತಿದೀಯಮ್ಮ?’

‘ಆ ಸಂತೆ ಹೆಂಗಸರು, ಮಿಸ್. ಅರಮನೆಗೆ ಹೋಗಿ ಬಂದ್ರಲ್ಲ. ಮನೆಗೆ ಹೋದ ಮೇಲೆ ಅವರಿಗೆ ರೊಟ್ಟಿ ಸಿಕ್ತಾ?’

ಅವರು ಕನ್ನಡಕವನ್ನು ಹಣೆಗೇರಿಸಿದರು. ‘ಕೆಲವು ದಿನ ಸಿಕ್ತು. ಆಮೇಲೆ ಬಹಳ ವರ್ಷ ಸಿಗಲಿಲ್ಲ ಕಣಮ್ಮ. ದೊರೆ ಹೋದ, ರೊಟ್ಟಿ ಅಂಗಡಿ ಮುಂದಿನ ಸಾಲು ಹೋಗಲಿಲ್ಲ.’ ನಮ್ಮ ಊರಿನಲ್ಲಿ ರೇಷನ್ ಅಂಗಡಿಯ ಮುಂದಿನ ಸಾಲೂ ಆಗ ಹಾಗೆಯೇ ಇತ್ತು.

ಚಳವಳಿಯಲ್ಲಿದ್ದವರು ಒಂದು ಸಭೆ ಮಾಡಿ ಮಿಸ್‌ಗೆ ಹಾರ ಹಾಕಬೇಕೆಂದು ಸ್ಕೂಲಿಗೇ ಬಂದರು. ಬಾಗಿಲಲ್ಲಿ ನಿಂತು ನಾವೆಲ್ಲ ಕೇಳುತ್ತಿದ್ದೆವು. ‘ಅರಮನೆಯವರ ಮಗಳಾಗಿ ಅರಮನೆಯ ಎದುರು ನಿಂತಿರಿ. ನೀವು ವೇದಿಕೆಗೆ ಬರಲೇಬೇಕು ತಾಯಿ’ ಎಂದರು ಒಬ್ಬರು.

‘ನಾನು ಮಕ್ಕಳ ಹಿಂದೆ ಹೋದೋಳು ಸ್ವಾಮಿ, ಮುಂದೆ ಹೋದೋಳಲ್ಲ’ ಎಂದರು ಮಿಸ್. ‘ನಾಲ್ಕಾರು ವರ್ಷ ಕಳೀಲಿ, ಊರಿನಲ್ಲಿ ಎಲ್ಲರೂ ನಾವೂ ಅಲ್ಲಿದ್ದೆವು ಅಂತಾರೆ. ಆಗ ಒಬ್ಬಳಾದರೂ ಇಲ್ಲ ಅನ್ನೋಳು ಬೇಕಲ್ಲ.’

ಬಂದವರಿಗೆ ಬೇಸರವಾಯಿತು. ಅಹಂಕಾರಿ, ಒಳಗೊಳಗೇ ಅರಮನೆಯ ಪಕ್ಷ ಎಂದು ಹೇಳಿಕೊಂಡು ಹೋದರು. ಅರಮನೆಯ ಬಳಗದವರು ಆಗಲೇ ಅವರ ಮನೆಯ ಹಬ್ಬಹುಣ್ಣಿಮೆಗೆ ಬರುವುದನ್ನು ಬಿಟ್ಟಿದ್ದರು. ಹೀಗೆ ಎರಡು ಕಡೆಯ ಬಾಗಿಲೂ ಮುಚ್ಚಿತು.

ನಾನು ಓದು ಮುಗಿಸಿ ಐವತ್ತನಾಲ್ಕರಲ್ಲಿ ಅದೇ ಸ್ಕೂಲಿಗೆ ಟೀಚರಾಗಿ ಬಂದೆ. ಕಾಲೇಜು ಸೇರಲು ನಮ್ಮಪ್ಪನನ್ನು ಒಪ್ಪಿಸಿದವರೂ ಮಿಸ್ಸೇ. ಬೋಗಾದಿಗೆ ನಡೆದುಬಂದು, ಹಟ್ಟಿಯಲ್ಲಿ ಮಣೆಯ ಮೇಲೆ ಕೂತು, ‘ಈ ಹುಡುಗೀನ ನನಗೆ ನಾಲ್ಕು ವರ್ಷ ಕೊಡಿ ಗೌಡರೇ’ ಎಂದು ಕೇಳಿದ್ದರು. ‘ಅಮ್ಮಾರೇ, ನೀವು ಕೇಳುದ್ರೆ ಇಲ್ಲ ಅನ್ನಕಾದದಾ?’ ಎಂದಿದ್ದರು ಅಪ್ಪ. ಅವರು ನನಗೆ ಒಳ್ಳೆಯದು ಮಾಡಿದಷ್ಟೂ ಆ ಕಾಗದದ ಮಾತು ಎತ್ತುವುದು ನನಗೆ ಹೆಚ್ಚು ಕಷ್ಟವಾಗುತ್ತಿತ್ತು.

ಭಾನುವಾರಗಳಲ್ಲಿ ಅವರ ಮನೆಗೆ ಹೋಗುವುದು ರೂಢಿಯಾಯಿತು. ಆ ಮನೆಯಲ್ಲಿ ಮಾತಾಡುತ್ತಿದ್ದವರು ಒಬ್ಬರೇ. ‘ಅಣ್ಣಾ, ನೀರು ಕಾದಿದೆ.’ ‘ಅಣ್ಣಾ, ಎಲೆ ಹಾಕಿದೆ.’ ವೃದ್ಧರು ಸದ್ದಿಲ್ಲದೆ ಎದ್ದು ಬರುತ್ತಿದ್ದರು, ಉಂಡು ಹೋಗುತ್ತಿದ್ದರು. ನನ್ನ ಹತ್ತಿರ ಮಾತ್ರ ಅಕ್ಕರೆಯಿಂದ ಮಾತಾಡುವರು. ಎಷ್ಟನೇ ಕ್ಲಾಸು, ಯಾವ ಪಾಠ ಎಂದು ವಿಚಾರಿಸುವರು. ನಾನು ಮಿಸ್ ಇದ್ದಾರಾ ಎಂದು ಕೇಳಿದರೆ ‘ಒಳಗಿದ್ದಾರೆ’ ಎನ್ನುವರು. ಹೆತ್ತ ಮಗಳನ್ನು ಪರರ ಮನೆಯವರ ಹಾಗೆ ಬಹುವಚನದಲ್ಲಿ ಹೇಳುತ್ತಿದ್ದರು. ಕಾಗದ ಬರೆದವಳು ನಾನೆಂದು ಅವರಿಗೆ ತಿಳಿದಿರಲಿಲ್ಲ.

ಒಮ್ಮೆ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದಾಗ ಧೈರ್ಯ ಮಾಡಿ ಕೇಳಿದೆ. ‘ಅವತ್ತು ದಾರಿಯುದ್ದಕ್ಕೂ ಸುಮ್ಮನಿದ್ದೋರು, ಅಲ್ಲಿ ಯಾಕೆ ಕೂಗಿದಿರಿ ಮಿಸ್?’

ಅವರು ನೋಟ್‌ಪುಸ್ತಕ ತಿದ್ದುತ್ತಿದ್ದವರು ಪೆನ್ನು ಕೆಳಗಿಟ್ಟರು. ‘ನಿಮ್ಮ ದನಿ ನಿಂತುಹೋಯ್ತಲ್ಲಮ್ಮ. ಅಷ್ಟು ದೂರ ನಡೆದು ಬಂದ ಮಕ್ಕಳು ಬಾಗಿಲಲ್ಲಿ ಬಂದು ಬಾಯಿ ಮುಚ್ಚಿಕೊಂಡು ವಾಪಸು ಹೋದ್ರೆ, ಜನ್ಮವೆಲ್ಲ ಹಾಗೇ ಆಗಿಬಿಡ್ತಾರೆ ಅನ್ನಿಸ್ತು. ಪಾಠ ಒಪ್ಪಿಸೋವಾಗ ಮರೆತರೆ ಒಂದು ಪದ ಎತ್ತಿಕೊಡ್ತೀವಲ್ಲ, ಹಾಗೆ ಎತ್ತಿಕೊಟ್ಟೆ.’ ಮತ್ತೆ ಪೆನ್ನು ತೆಗೆದುಕೊಂಡರು. ‘ಅದು ನಮ್ಮಣ್ಣನ ಬಾಗಿಲೂ ಆಗಿತ್ತು ಅನ್ನೋದು ಆಮೇಲೆ ಹೊಳೀತು.’

ಐವತ್ತೆಂಟರ ಬೇಸಿಗೆಯಲ್ಲಿ ವೃದ್ಧರು ಹಾಸಿಗೆ ಹಿಡಿದರು. ಮಿಸ್ ಔಷಧಿ ತರಲು ಹೋಗಿದ್ದ ಒಂದು ಮಧ್ಯಾಹ್ನ ಹತ್ತಿರ ಕೂತಿದ್ದವಳು ನಾನು. ಅವರು ಕಣ್ಣು ತೆರೆದು ನನ್ನನ್ನೇ ನೋಡಿದರು.

‘ನೀನು ಅವತ್ತು ಆ ಕ್ಲಾಸಿನಲ್ಲಿದ್ದೆಯಲ್ಲವಾ?’

‘ಹೂಂ ತಾತ.’

‘ಕೂಗಿದರಾ, ನಿಜವಾಗಲೂ?’

ಹನ್ನೊಂದು ವರ್ಷ ನಾನು ಕಾದಿದ್ದದ್ದು ಇದಕ್ಕೇ ಎನ್ನಿಸಿತು. ಒಂದು ನಿಜ ಬರೆದು ಮುರಿದದ್ದನ್ನು ಒಂದು ಸುಳ್ಳು ಹೇಳಿ ಕೂಡಿಸಬಹುದು. ‘ಇಲ್ಲ ತಾತ’ ಎಂದೆ. ‘ಅವರು ಬಾಯೇ ಬಿಡಲಿಲ್ಲ. ನಮ್ಮನ್ನ ವಾಪಸು ಕರ್ಕೊಂಡು ಬರೋಕೆ ಬಂದಿದ್ರು. ಕಾಗದದಲ್ಲಿ ಯಾರೋ ತಪ್ಪು ಬರೆದಿದ್ರು.’

ಅವರು ಸೂರಿನತ್ತ ಕಣ್ಣು ತಿರುಗಿಸಿದರು. ಆಮೇಲೆ ಮೆಲ್ಲಗೆ ಒಂದು ಮಾತು ಹೇಳಿ ಗೋಡೆಯ ಕಡೆಗೆ ತಿರುಗಿಕೊಂಡರು. ನಾಲ್ಕನೆಯ ದಿನ ಹೋದರು. ಮಗಳ ಜೊತೆ ಮಾತಾಡಲಿಲ್ಲ. ಅವರು ನನಗೆ ಹೇಳಿದ ಮಾತನ್ನು ನಾನು ಮಿಸ್‌ಗೆ ಹೇಳಲಿಲ್ಲ. ಹೇಳಿದ್ದರೆ ನನ್ನ ಸುಳ್ಳನ್ನೂ ಹೇಳಬೇಕಾಗುತ್ತಿತ್ತು, ಅದರ ಬೆನ್ನಿಗೆ ಕಾಗದವನ್ನೂ.

ಮಿಸ್ ನಿವೃತ್ತರಾದರು. ಸ್ಕೂಲಿನಲ್ಲಿ ಒಂದು ಹಾರ, ಒಂದು ಗ್ರೂಪ್ ಫೋಟೋ. ಆಮೇಲೆ ಆ ಮನೆಯಲ್ಲಿ ಒಬ್ಬರೇ. ಬೇಳೆ ಬೇಯಿಸಿದರೆ ಎರಡು ದಿನಕ್ಕಾಗುತ್ತದೆ ಎಂದು ನಗುತ್ತಿದ್ದರು. ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಯಾರಾದರೂ ಒಬ್ಬರು ದನಿ ಮಾಡಬೇಕಲ್ಲ ಎನ್ನುವರು.

ಅರವತ್ತನಾಲ್ಕರಲ್ಲಿ ನನಗೆ ವರ್ಗವಾಯಿತು. ಹೊರಡುವ ದಿನ ಹೇಳಿಹೋಗಲು ಬಂದವಳಿಗೆ, ಈಗ ಹೇಳದಿದ್ದರೆ ಇನ್ನಿಲ್ಲ ಎನ್ನಿಸಿತು. ‘ಮಿಸ್, ಆ ಕಾಗದ ಬರೆದೋಳು ನಾನು’ ಎಂದೆ.

‘ಗೊತ್ತು. ನಿನ್ನ ಅಕ್ಷರ ನಾನು ಕಾಣೆನಾ?’ ಎಂದರು, ಕಾಫಿ ಸೋಸುತ್ತ. ‘ಹೆಡ್‌ಮಿಸ್ಟ್ರೆಸ್ಸು ತೋರಿಸಿದ್ರು. “ಮೂವತ್ತಾರು ಹುಡುಗೀರು ಒಂದೇ ಥರ ಬರೆದಿದಾರೆ, ಇದೊಂದು ಹಳ್ಳಿ ಹುಡುಗಿ ತಿಳೀದೆ ಬರೆದಿದೆ, ಹರಿದುಹಾಕಿಬಿಡೋಣ” ಅಂದ್ರು. ನಾನೇ ಬೇಡ ಅಂದೆ.’

‘ಯಾಕೆ ಮಿಸ್?’

‘ಮೂವತ್ತಾರು ಜನ ನನ್ನನ್ನ ಉಳಿಸೋಕೆ ಬರೆದರು, ಪಾಪ. ಆ ಕಾಗದಗಳಲ್ಲಿ ನಾನು ಇರಲೇ ಇಲ್ಲ ಕಣೇ. ನಿನ್ನದೊಂದರಲ್ಲಿ ಇದ್ದೆ.’ ಲೋಟ ನನ್ನ ಮುಂದಿಟ್ಟರು. ‘“ಗಟ್ಟಿಯಾಗಿ ಕೂಗಿದರು” ಅಂತ ಬರೆದಿದ್ದೆ. ಅದು ಮಾತ್ರ ತಪ್ಪು. ನನ್ನ ದನಿ ಅಷ್ಟು ಏಳಲಿಲ್ಲ.’

ಆಗ ಉಳಿದದ್ದನ್ನೂ ಹೇಳಿದೆ. ಆ ಮಧ್ಯಾಹ್ನ ತಾತ ಕೇಳಿದ್ದು, ನಾನು ಸುಳ್ಳು ಹೇಳಿದ್ದು. ಅವರ ಕೈ ಲೋಟದ ಮೇಲೇ ನಿಂತಿತು.

‘ಅದಕ್ಕೆ ಅಣ್ಣ ಏನಂದ್ರು? ಸರಿಯಾಗಿ ನೆನಪು ಮಾಡ್ಕೊ. ಅವರು ಅಂದ ಹಾಗೇ ಹೇಳು.’

‘“ನನ್ನ ಮಗಳು ಸುಳ್ಳು ಹೇಳೋಳಲ್ಲ ಕಣಮ್ಮ” ಅಂದ್ರು ಮಿಸ್.’

‘“ಅವರು” ಅಂದ್ರಾ, “ನನ್ನ ಮಗಳು” ಅಂದ್ರಾ?’

‘“ನನ್ನ ಮಗಳು” ಅಂದ್ರು.’

ಅವರು ನನ್ನನ್ನು ಬೈಯಲಿಲ್ಲ. ಆರು ವರ್ಷ ಯಾಕೆ ಮುಚ್ಚಿಟ್ಟೆ ಎಂದೂ ಕೇಳಲಿಲ್ಲ. ನನ್ನ ಕಾಫಿ ಮುಗಿಯಿತು. ‘ಹೊರಡಮ್ಮ, ನಿನ್ನ ಬಸ್ಸು ಹೋದೀತು’ ಎಂದರು. ಕಾಲಿಗೆ ನಮಸ್ಕಾರ ಮಾಡಿ ಚೀಲ ಎತ್ತಿಕೊಂಡು ಗೇಟಿನವರೆಗೆ ಬಂದೆ.

‘ತಾಯಮ್ಮಾ’ ಎಂದು ಹಿಂದಿನಿಂದ ಕರೆದರು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು.

‘ಇನ್ನೊಂದು ಸಲ ಹೇಳಿ ಹೋಗು.’

ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಗೇಟಿನ ಹತ್ತಿರ ನಿಂತು, ಅವರ ತಂದೆ ಅಂದ ಹಾಗೆಯೇ, ಆ ಮಾತನ್ನು ಇನ್ನೊಂದು ಸಲ ಹೇಳಿದೆ.